ಕೇಬಲ್ ‘ಕನೆಕ್ಟೆಡ್’ ಅನ್ನುತ್ತದೆ, ಪೇಜ್ ಮಾತ್ರ ತೆರೆಯಲ್ಲ

ಪ್ರಶ್ನೆ: ನನ್ನ ಕಂಪ್ಯೂಟರ್‌ನಲ್ಲಿ ವಿಂಡೋಸ್, ಉಬುಂಟು ಎರಡೂ ಇವೆ. ರೂಟರ್‌ನಿಂದ ಕೇಬಲ್ ಎಳೆದುಕೊಂಡು ನೆಟ್ ಬಳಸುತ್ತೇನೆ. ಈಚೆಗೆ ಉಬುಂಟುವಿನಲ್ಲಿ ಕೇಬಲ್ ಹಾಕಿದರೆ ‘ಕನೆಕ್ಟೆಡ್’ ಅಂತ ಬರುತ್ತದೆ, ಆದರೆ ಒಂದು ಪೇಜೂ ತೆರೆಯುವುದಿಲ್ಲ. ವೈಫೈ ಆನ್ ಮಾಡಿದರೆ ಎಲ್ಲ ಸರಿ ಹೋಗುತ್ತದೆ, ಕೇಬಲ್ ತೆಗೆಯದೇ ಇದ್ದರೂ. ವಿಂಡೋಸ್‌ನಲ್ಲಿ ಅದೇ ಕೇಬಲ್‌ಗೆ ಯಾವ ತೊಂದರೆಯೂ ಇಲ್ಲ. ಡಿಎನ್‌ಎಸ್ 8.8.8.8 ಹಾಕಿ ನೋಡಿದೆ, ಆಗಲಿಲ್ಲ. ಹಳೆ ರೂಟರ್ ಕೆಟ್ಟಿದ್ದರಿಂದ ಈಗ ಹೊಸದು ಬಂದಿದೆ. ಹಿಂದೊಮ್ಮೆ ಪ್ರಿಂಟರ್ ಹಂಚಿಕೊಳ್ಳಲು ಉಬುಂಟುವಿನಲ್ಲಿ ಏನೋ ಐಪಿ ನಂಬರ್ ಹಾಕಿದ ನೆನಪು. ಸ್ನೇಹಿತರು ಉಬುಂಟು ತೆಗೆದು ಮತ್ತೆ ಹಾಕು ಅಂತಾರೆ. ಹಾಕಬೇಕಾ?

ಉತ್ತರ: ಬೇಡ. ಮತ್ತೆ ಹಾಕಿದರೆ ಬಹುಶಃ ಸರಿ ಹೋಗುತ್ತದೆ, ಅದು ನಿಜ. ಆದರೆ ಐದು ನಿಮಿಷದ ಕೆಲಸಕ್ಕೆ ಅರ್ಧ ದಿನ ಹಾಳು. ಕೆಟ್ಟಿದ್ದು ಏನು ಅಂತಲೂ ತಿಳಿಯುವುದಿಲ್ಲ. ನಿಮ್ಮ ಪ್ರಶ್ನೆಯಲ್ಲೇ ಮುಕ್ಕಾಲು ಉತ್ತರ ಇದೆ, ಅದನ್ನು ಬಿಡಿಸಿ ನೋಡೋಣ.

ವಿಂಡೋಸ್‌ನಲ್ಲಿ ಅದೇ ಕೇಬಲ್ ಓಡುತ್ತದೆ ಅಂದಿರಿ. ಅಲ್ಲಿಗೆ ಕೇಬಲ್, ನೆಟ್‌ವರ್ಕ್ ಕಾರ್ಡ್, ರೂಟರ್‌ನ ಪೋರ್ಟ್ ಮೂರರ ಮೇಲಿನ ಅನುಮಾನವೂ ಹೆಚ್ಚುಕಡಿಮೆ ಹೋಯಿತು. ವೈಫೈನಲ್ಲಿ ಉಬುಂಟು ಸರಿಯಾಗಿದೆ. ಅಂದರೆ ಬ್ರೌಸರ್, ರೂಟರ್‌ನಿಂದ ಆಚೆಗಿನ ಇಂಟರ್ನೆಟ್ ಎರಡೂ ಸರಿ. ಇನ್ನು ಉಳಿದಿದ್ದು ಉಬುಂಟುವಿನಲ್ಲಿ ಕೇಬಲ್‌ಗೆ ಅಂತ ಇರುವ ಸೆಟ್ಟಿಂಗ್ ಮಾತ್ರ. ನೀವು ಕೈಯಾರೆ ನಂಬರ್ ಹಾಕಿದ್ದೂ ಅಲ್ಲೇ, ಅಲ್ವಾ?

ಆ ‘ಕನೆಕ್ಟೆಡ್’ ಅನ್ನುವ ಮಾತನ್ನು ಜಾಸ್ತಿ ನಂಬಬೇಡಿ. ಉಬುಂಟುವಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ನೆಟ್‌ವರ್ಕ್ ಮ್ಯಾನೇಜರ್ ಅನ್ನುವ ಪ್ರೋಗ್ರಾಂ. ಕೇಬಲ್‌ನ ಆ ತುದಿಯಲ್ಲಿ ಯಾವುದೋ ಸಾಧನ ಇದೆ, ಕಾರ್ಡಿಗೆ ಒಂದು ಐಪಿ ವಿಳಾಸ ಕೂತಿದೆ. ಇಷ್ಟಾದರೆ ಅದು ‘ಕನೆಕ್ಟೆಡ್’ ಅಂದುಬಿಡುತ್ತದೆ. ವಿಳಾಸವನ್ನು ರೂಟರ್‌ನಿಂದ ಕೇಳಿ ಪಡೆಯಬೇಕಾದಾಗ, ರೂಟರ್ ಉತ್ತರ ಕೊಡಲೇಬೇಕು. ವಿಳಾಸವನ್ನು ನೀವೇ ಟೈಪ್ ಮಾಡಿದ್ದರೆ ಅದು ಯಾರನ್ನೂ ಕೇಳುವುದಿಲ್ಲ. ನೀವು ಹೇಳಿದ್ದನ್ನು ಹಾಗೇ ಕೂರಿಸಿ, ಕೆಲಸ ಮುಗಿಯಿತು ಅನ್ನುತ್ತದೆ. ಆ ವಿಳಾಸ ತಪ್ಪಿದ್ದರೂ ಸರಿಯೇ.

ನನ್ನ ಅನುಮಾನ ಇಷ್ಟು. ಹಳೆ ರೂಟರ್ 192.168.1.1 ಆಗಿತ್ತು. ನೀವು ಉಬುಂಟುವಿಗೆ 192.168.1.50 ಥರದ್ದೊಂದು ವಿಳಾಸ ಕೊಟ್ಟಿರಿ, ಗೇಟ್‌ವೇ ಜಾಗದಲ್ಲಿ ಹಳೆ ರೂಟರ್‌ನ ನಂಬರ್ ಬರೆದಿರಿ. ಹೊಸ ರೂಟರ್ 192.168.0.1 ಆಗಿ ಬಂದು ಕೂತಿದೆ. ಈಗ ನಿಮ್ಮ ಉಬುಂಟು, ಇಲ್ಲದ ರೂಟರ್ ಒಂದನ್ನು ಕರೆಯುತ್ತಾ ಕೂತಿದೆ. ವಿಂಡೋಸ್‌ಗೂ ವೈಫೈಗೂ ವಿಳಾಸ ತಾನಾಗಿ ಬರುತ್ತದೆ, ಹಾಗಾಗಿ ಅವಕ್ಕೆ ಏನೂ ಆಗಿಲ್ಲ.

ಅನುಮಾನ ಸರಿಯೋ ಅಲ್ಲವೋ ನೋಡೋಣ. ಮೊದಲು ವೈಫೈ ಆಫ್ ಮಾಡಿ. ತುಂಬಾ ಜನ ಇದನ್ನು ಮರೆಯುತ್ತಾರೆ. ವೈಫೈ ಆನ್ ಇಟ್ಟುಕೊಂಡು ಕೇಬಲ್ ಪರೀಕ್ಷೆ ಮಾಡಿದರೆ ನೀವು ಪರೀಕ್ಷಿಸುತ್ತಿರುವುದು ವೈಫೈಯನ್ನೇ. ಆಮೇಲೆ ಟರ್ಮಿನಲ್ ತೆರೆಯಿರಿ. ಕಮಾಂಡ್‌ಗಳನ್ನು ನಾನಿಲ್ಲಿ ಓದುವ ಹಾಗೆ ಬರೆದಿದ್ದೇನೆ, ನೀವು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.

ಮೊದಲ ಕಮಾಂಡ್ ‘ಐಪಿ ಎ’. ನಡುವೆ ಒಂದು ಸ್ಪೇಸ್, ಅಷ್ಟೇ. ಉದ್ದದ ಪಟ್ಟಿ ಬರುತ್ತದೆ, ಹೆದರಬೇಡಿ. ‘ಎಲ್ಒ’ ಅಂತ ಇರುವುದು ಕಂಪ್ಯೂಟರ್ ತನ್ನ ಜೊತೆ ತಾನೇ ಮಾತಾಡಲು ಇಟ್ಟುಕೊಂಡದ್ದು, ಅದನ್ನು ಬಿಡಿ. ‘ಡಬ್ಲ್ಯುಎಲ್’ನಿಂದ ಶುರುವಾಗುವುದು ವೈಫೈ. ‘ಇಎನ್’ನಿಂದ ಶುರುವಾಗುವುದು ನಿಮ್ಮ ಕೇಬಲ್ ಕಾರ್ಡ್, ‘ಇಎನ್‌ಪಿ3ಎಸ್0’ ಅನ್ನುವ ಥರ. ಹಳೆ ಲೇಖನಗಳಲ್ಲಿ ‘ಈಥ್0’ ಅಂತ ಇರುತ್ತದಲ್ಲ, ಅದರ ಹೊಸ ರೂಪ ಇದು.

ಆ ಕಾರ್ಡಿನ ಕೆಳಗೆ ‘ಐನೆಟ್’ ಅನ್ನುವ ಸಾಲು ಹುಡುಕಿ. ಪಕ್ಕದಲ್ಲಿ ಐಪಿ ವಿಳಾಸ ಇರುತ್ತದೆ. ಎಲ್ಲರೂ ಆ ನಂಬರನ್ನಷ್ಟೇ ನೋಡಿ ಮುಂದೆ ಹೋಗುತ್ತಾರೆ. ನೀವು ಸಾಲನ್ನು ಪೂರ್ತಿ ಓದಿ. ರೂಟರ್ ಕೊಟ್ಟ ವಿಳಾಸವಾದರೆ ಅದೇ ಸಾಲಿನಲ್ಲಿ ‘ಡೈನಮಿಕ್’ ಅನ್ನುವ ಪದ ಇರುತ್ತದೆ. ಕೆಳಗಿನ ಸಾಲಿನಲ್ಲಿ ‘ವ್ಯಾಲಿಡ್_ಎಲ್‌ಎಫ್‌ಟಿ’ (ವ್ಯಾಲಿಡ್ ಲೈಫ್‌ಟೈಮ್) ಜಾಗದಲ್ಲಿ ಇಷ್ಟು ಸೆಕೆಂಡ್ ಅಂತ ಇರುತ್ತದೆ, ಕಮಾಂಡ್ ಮತ್ತೆ ಕೊಟ್ಟರೆ ಅದು ಇಳಿದಿರುವುದೂ ಕಾಣುತ್ತದೆ. ಯಾಕೆಂದರೆ ರೂಟರ್ ವಿಳಾಸವನ್ನು ಕೊಡುವುದು ಬಾಡಿಗೆಗೆ, ಅವಧಿ ಮುಗಿಯುವ ಮೊದಲೇ ನವೀಕರಿಸಬೇಕು. ಕೈಯಾರೆ ಹಾಕಿದ ವಿಳಾಸದಲ್ಲಿ ‘ಡೈನಮಿಕ್’ ಇರುವುದಿಲ್ಲ. ಸೆಕೆಂಡಿನ ಬದಲು ‘ಫಾರೆವರ್’ ಅಂತ ಇರುತ್ತದೆ. ನಿಮಗೆ ‘ಫಾರೆವರ್’ ಕಂಡರೆ ಕಳ್ಳ ಅರ್ಧ ಸಿಕ್ಕಿಬಿದ್ದ.

ಎರಡನೆಯದು ‘ಐಪಿ ರೂಟ್’. ಇದರಲ್ಲಿ ‘ಡೀಫಾಲ್ಟ್ ವಯಾ’ ಅಂತ ಶುರುವಾಗುವ ಸಾಲು ಮುಖ್ಯ. ಅದರ ಪಕ್ಕದ ನಂಬರೇ ಗೇಟ್‌ವೇ, ಅಂದರೆ ಹೊರಗೆ ಹೋಗುವ ಬಾಗಿಲು. ಆ ಗೇಟ್‌ವೇಗೆ ಒಂದು ಪಿಂಗ್ ಕೊಡಿ, ಅಂದರೆ ‘ಇದ್ದೀಯಾ’ ಅಂತ ಕೇಳಿ: ‘ಪಿಂಗ್ 192.168.1.1’, ಅಥವಾ ಅಲ್ಲಿ ಕಂಡ ನಂಬರ್. ನಿಲ್ಲಿಸಲು ಕಂಟ್ರೋಲ್ ಸಿ. ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಅಂತ ಬಂದರೆ ಆ ಸಾಲಿನ ಆರಂಭ ನೋಡಿ. ‘ಫ್ರಮ್’ ಪಕ್ಕದಲ್ಲಿ ನಿಮ್ಮದೇ ವಿಳಾಸ ಇರುತ್ತದೆ. ಅಂದರೆ ಈ ದೂರು ಹೇಳುತ್ತಿರುವುದು ರೂಟರ್ ಅಲ್ಲ, ನಿಮ್ಮದೇ ಕಂಪ್ಯೂಟರ್. ‘ಈ ವಿಳಾಸದವರು ಯಾರಪ್ಪಾ’ ಅಂತ ಅದು ಕೇಬಲ್ ಮೇಲೆ ಕೂಗಿ ಕೇಳಿತು, ಯಾರೂ ಓ ಅನ್ನಲಿಲ್ಲ.

ಇದನ್ನೇ ಇನ್ನೂ ಸ್ಪಷ್ಟವಾಗಿ ನೋಡಬೇಕಾದರೆ ‘ಐಪಿ ನೇಬರ್’ ಕೊಡಿ. ಗೇಟ್‌ವೇ ನಂಬರ್ ಎದುರು ‘ಫೇಲ್ಡ್’ ಇದ್ದರೆ ಆ ನಂಬರಿನ ಸಾಧನ ನಿಮ್ಮ ಕೇಬಲ್‌ನಲ್ಲಿ ಇಲ್ಲ. ‘ರೀಚಬಲ್’ ಇದ್ದರೆ ಸಾಧನ ಇದೆ, ಮಾತಾಡಿದೆ. ಕೆಲವು ರೂಟರ್‌ಗಳು ಪಿಂಗ್‌ಗೆ ಉತ್ತರ ಕೊಡದ ಹಾಗೆ ಸೆಟ್ ಆಗಿರುತ್ತವೆ. ಅಂಥ ಕಡೆ ಪಿಂಗ್ ಹೋಗಲಿಲ್ಲ ಅಂತ ರೂಟರ್ ಸತ್ತಿದೆ ಅಂದುಕೊಳ್ಳಬಾರದು. ಈ ಪಟ್ಟಿ ನೋಡಿಯೇ ತೀರ್ಮಾನ ಮಾಡಬೇಕು.

ಈಗ ಸರಿ ಮಾಡುವುದು. ಸೆಟ್ಟಿಂಗ್ಸ್ ತೆರೆಯಿರಿ, ನೆಟ್‌ವರ್ಕ್‌ಗೆ ಹೋಗಿ, ವೈರ್ಡ್ ಪಕ್ಕದ ಚಕ್ರದ ಗುರುತು ಒತ್ತಿ. ಐಪಿವಿ4 ಟ್ಯಾಬ್‌ನಲ್ಲಿ ‘ಮ್ಯಾನ್ಯುವಲ್’ ಇರುವುದನ್ನು ‘ಆಟೋಮ್ಯಾಟಿಕ್’ ಮಾಡಿ. ಕೆಳಗೆ ಡಿಎನ್‌ಎಸ್ ಜಾಗದಲ್ಲಿ ನೀವು ಹಾಕಿದ 8.8.8.8 ಇರುತ್ತದೆ, ಅದನ್ನೂ ಅಳಿಸಿ, ಡಿಎನ್‌ಎಸ್ ಕೂಡ ಆಟೋಮ್ಯಾಟಿಕ್ ಇರಲಿ. ಅಪ್ಲೈ ಒತ್ತಿದರೆ ಸಾಲದು. ಹೊಸ ಸೆಟ್ಟಿಂಗ್ ಜಾರಿಗೆ ಬರಬೇಕಾದರೆ ಆ ಕನೆಕ್ಷನ್ ಒಮ್ಮೆ ಆಫ್ ಆಗಿ ಆನ್ ಆಗಬೇಕು. ಪಕ್ಕದ ಸ್ವಿಚ್ಚನ್ನು ಆ ಕಡೆ ಈ ಕಡೆ ಮಾಡಿ. ‘ಬದಲಾಯಿಸಿದೆ, ಆದರೂ ಆಗಲಿಲ್ಲ’ ಅನ್ನುವವರಲ್ಲಿ ತುಂಬಾ ಜನ ಈ ಸ್ವಿಚ್ ಮುಟ್ಟಿರುವುದಿಲ್ಲ.

ಟರ್ಮಿನಲ್‌ನಿಂದ ‘ಎನ್‌ಎಂಸಿಎಲ್‌ಐ’ (ನೆಟ್‌ವರ್ಕ್ ಮ್ಯಾನೇಜರ್‌ನ ಕಮಾಂಡ್) ಬಳಸಿ ಮಾಡುವವರಿಗೆ ಒಂದು ಎಚ್ಚರಿಕೆ. ವಿಧಾನವನ್ನು ಆಟೋ ಮಾಡಿದರಷ್ಟೇ ಹಳೆ ವಿಳಾಸ ಹೋಗುವುದಿಲ್ಲ. ರೂಟರ್ ಕೊಟ್ಟದ್ದೂ ನೀವು ಕೊಟ್ಟದ್ದೂ ಎರಡೂ ಒಟ್ಟಿಗೆ ಕೂರುತ್ತವೆ. ವಿಳಾಸ, ಗೇಟ್‌ವೇ, ಡಿಎನ್‌ಎಸ್ ಮೂರನ್ನೂ ಅದೇ ಕಮಾಂಡ್‌ನಲ್ಲಿ ಖಾಲಿ ಮಾಡಿ.

ಇಷ್ಟು ಮಾಡಿ ಮತ್ತೆ ‘ಐಪಿ ಎ’ ನೋಡಿ. ‘ಡೈನಮಿಕ್’ ಬಂದಿದ್ದರೆ ಪೇಜ್ ತೆರೆಯುವುದು ಹೆಚ್ಚುಕಡಿಮೆ ಖಾತ್ರಿ.

ಪ್ರಿಂಟರ್‌ಗೆ ಬದಲಾಗದ ವಿಳಾಸ ಬೇಕೇ ಬೇಕು ಅಂತಿದ್ದರೆ ಅದಕ್ಕೆ ಸರಿಯಾದ ಜಾಗ ರೂಟರ್. ರೂಟರ್ ತಾನಾಗಿ ವಿಳಾಸ ಹಂಚುವ ಏರ್ಪಾಡಿಗೆ ಡಿಎಚ್‌ಸಿಪಿ ಅಂತಾರೆ. ಅಲ್ಲಿ ಡಿಎಚ್‌ಸಿಪಿ ರಿಸರ್ವೇಶನ್ ಅಥವಾ ಅಡ್ರೆಸ್ ರಿಸರ್ವೇಶನ್ ಅನ್ನುವ ಸೆಟ್ಟಿಂಗ್ ಇರುತ್ತದೆ. ಅಲ್ಲಿ ನಿಮ್ಮ ಕಾರ್ಡಿನ ಮ್ಯಾಕ್ ವಿಳಾಸ (ಕಾರ್ಡಿನ ಜೊತೆಗೇ ಬರುವ ಗುರುತಿನ ನಂಬರ್) ಕೊಟ್ಟು, ಇದಕ್ಕೆ ಯಾವಾಗಲೂ ಇದೇ ಐಪಿ ಕೊಡು ಅಂತ ಹೇಳಬಹುದು. ಮ್ಯಾಕ್ ವಿಳಾಸ ‘ಐಪಿ ಎ’ ಕೊಟ್ಟಾಗ ‘ಲಿಂಕ್ ಈಥರ್’ ಪಕ್ಕದಲ್ಲಿ ಕಾಣುತ್ತದೆ. ಆಗ ಕಂಪ್ಯೂಟರ್ ಕಡೆ ಎಲ್ಲ ಆಟೋಮ್ಯಾಟಿಕ್ ಇರುತ್ತದೆ. ಮುಂದೆ ರೂಟರ್ ಬದಲಾದರೆ ರಿಸರ್ವೇಶನ್ ಹೋಗುತ್ತದೆ, ನೆಟ್ ಹೋಗುವುದಿಲ್ಲ.

ಇನ್ನು ವೈಫೈ ಆನ್ ಮಾಡಿದರೆ ಕೇಬಲ್ ಇದ್ದೂ ಎಲ್ಲ ಸರಿ ಹೋಗುವುದು ಯಾಕೆ? ನಿಮ್ಮನ್ನು ದಾರಿ ತಪ್ಪಿಸಿದ್ದೇ ಇದು. ಎರಡು ಬಾಗಿಲು ಇದ್ದಾಗ ಯಾವುದರಿಂದ ಹೋಗಬೇಕು ಅಂತ ಉಬುಂಟುವಿನ ತಳದಲ್ಲಿರುವ ಲಿನಕ್ಸ್, ‘ಮೆಟ್ರಿಕ್’ ಅನ್ನುವ ಅಂಕಿ ನೋಡಿ ತೀರ್ಮಾನಿಸುತ್ತದೆ. ಕಡಿಮೆ ಅಂಕಿಗೆ ಮೊದಲ ಮಣೆ. ನೆಟ್‌ವರ್ಕ್ ಮ್ಯಾನೇಜರ್ ಕೇಬಲ್‌ಗೆ 100, ವೈಫೈಗೆ 600 ಕೊಡುತ್ತದೆ. ಈ ಲೆಕ್ಕದಲ್ಲಿ ಕೆಟ್ಟ ಕೇಬಲ್ ಸೆಟ್ಟಿಂಗೇ ಗೆದ್ದು ವೈಫೈ ಕೂಡ ನಿಲ್ಲಬೇಕಿತ್ತು. ಆದರೆ ಉಬುಂಟುವಿನಲ್ಲಿ ಇನ್ನೊಂದು ಏರ್ಪಾಡಿದೆ. ಪ್ರತಿ ಕನೆಕ್ಷನ್‌ನಿಂದಲೂ ನಿಜವಾಗಿ ಇಂಟರ್ನೆಟ್ ಸಿಗುತ್ತಿದೆಯಾ ಅಂತ ಆಗಾಗ ಪರೀಕ್ಷೆ ಮಾಡುತ್ತದೆ. ಸಿಗದಿದ್ದರೆ ಆ ಕನೆಕ್ಷನ್‌ನ ಮೆಟ್ರಿಕ್‌ಗೆ 20000 ಸೇರಿಸುತ್ತದೆ. ವೈಫೈ ಆನ್ ಇಟ್ಟು ‘ಐಪಿ ರೂಟ್’ ನೋಡಿ. ಕೇಬಲ್ ಸಾಲಿನ ಕೊನೆಯಲ್ಲಿ ‘ಮೆಟ್ರಿಕ್ 20100’ ಇದ್ದರೆ ಅದು ದಂಡ ಬಿದ್ದ ಗುರುತು. ‘ಕನೆಕ್ಟೆಡ್’ ಅಂತ ಮೇಲೆ ತೋರಿಸುತ್ತಲೇ, ಇದರಲ್ಲಿ ಇಂಟರ್ನೆಟ್ ಇಲ್ಲ ಅಂತ ಒಳಗೊಳಗೇ ಒಪ್ಪಿಕೊಂಡಿದೆ! ನನಗೆ ಈ ಅಂಕಿ ತುಂಬಾ ಇಷ್ಟ. ಒಂದೇ ಸಾಲಿನಲ್ಲಿ ಎಷ್ಟೋ ವಿಷಯ ಹೇಳುತ್ತದೆ. ಈ ಪರೀಕ್ಷೆ ಆನ್ ಇಲ್ಲದ ಲಿನಕ್ಸ್‌ಗಳೂ ಇವೆ. ಅಲ್ಲಿ ಕೆಟ್ಟ ಕೇಬಲ್ ಸೆಟ್ಟಿಂಗ್ ಇದ್ದರೆ ವೈಫೈ ಆನ್ ಇದ್ದರೂ ನೆಟ್ ಬರುವುದಿಲ್ಲ, ಕೇಬಲ್ ಕಿತ್ತ ಕೂಡಲೇ ಬರುತ್ತದೆ.

ಡಿಎನ್‌ಎಸ್ ಬದಲಾಯಿಸಿದ್ದು ಯಾಕೆ ಫಲ ಕೊಡಲಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಡಿಎನ್‌ಎಸ್ ಮಾಡುವುದು ಹೆಸರನ್ನು ನಂಬರ್ ಮಾಡುವ ಕೆಲಸ. ಬಾಗಿಲೇ ಇಲ್ಲದಿದ್ದಾಗ 8.8.8.8 ಆದರೇನು, ಇನ್ನೊಂದಾದರೇನು? ನೆಟ್ ನಿಂತ ಕೂಡಲೇ ಡಿಎನ್‌ಎಸ್ ಬದಲಾಯಿಸು ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಡಿಎನ್‌ಎಸ್ಸೇ ತಪ್ಪು ಅಂತ ಗೊತ್ತಾಗುವ ಮೊದಲು ಅದನ್ನು ಮುಟ್ಟಬೇಡಿ.

ನನ್ನ ಅನುಮಾನ ತಪ್ಪಾಗಿ, ನಿಮ್ಮಲ್ಲಿ ‘ಡೈನಮಿಕ್’ ಮೊದಲೇ ಇದ್ದಿದ್ದರೆ? ಅಥವಾ ಇದನ್ನು ಓದುತ್ತಿರುವ ಬೇರೆಯವರ ತೊಂದರೆ ಬೇರೆಯೇ ಇದ್ದರೆ? ಆಗ ಪಿಂಗ್ ಏನನ್ನುತ್ತದೆ ಅನ್ನುವುದನ್ನು ಗಮನವಿಟ್ಟು ಓದಿ. ‘ಹೋಗಲಿಲ್ಲ’ ಅಂತ ಒಂದೇ ಮಾತಲ್ಲಿ ಮುಗಿಸಬೇಡಿ. ಅದು ಹೇಗೆ ಹೋಗಲಿಲ್ಲ ಅನ್ನುವುದರಲ್ಲೇ ಎಲ್ಲ ಇದೆ. ‘ಪಿಂಗ್ 1.1.1.1’ ಕೊಟ್ಟಾಗ ‘ನೆಟ್‌ವರ್ಕ್ ಈಸ್ ಅನ್‌ರೀಚಬಲ್’ ಬಂದರೆ ಹೊರಗೆ ಹೋಗುವ ದಾರಿಯೇ ಪಟ್ಟಿಯಲ್ಲಿಲ್ಲ. ‘ಐಪಿ ರೂಟ್’ನಲ್ಲಿ ‘ಡೀಫಾಲ್ಟ್’ ಸಾಲು ಇರುವುದಿಲ್ಲ, ನೋಡಿ. ನಿಮ್ಮದೇ ವಿಳಾಸದಿಂದ ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಬಂದರೆ ದಾರಿ ಬರೆದಿದೆ, ಬಾಗಿಲಲ್ಲಿ ಯಾರೂ ಇಲ್ಲ. ಏನೂ ಬರದೆ ಸುಮ್ನೆ ಕೂತು, ಕೊನೆಗೆ 100% ಲಾಸ್ ಅಂದರೆ ಪ್ಯಾಕೆಟ್ (ಕಳಿಸಿದ ಮಾಹಿತಿಯ ತುಣುಕು) ಇಲ್ಲಿಂದ ಹೊರಟಿದೆ, ವಾಪಸ್ ಬಂದಿಲ್ಲ. ತಪ್ಪು ರೂಟರ್‌ನಲ್ಲೋ ಅದರಾಚೆಗೋ ಇದೆ, ಇಲ್ಲ ಅಂದರೆ ನಡುವೆ ಫೈರ್‌ವಾಲ್ ನುಂಗುತ್ತಿದೆ. ನಂಬರ್‌ಗೆ ಪಿಂಗ್ ಹೋಗಿ ಹೆಸರಿಗೆ ಮಾತ್ರ ‘ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಶನ್’ ಬಂದರೆ, ಆಗ ಮಾತ್ರ ಅದು ಡಿಎನ್‌ಎಸ್.

ಹೊಸ ರೂಟರ್ ಕೂಡ 192.168.1 ಸಾಲಿನಲ್ಲೇ ಇದೆ ಅನ್ನುವವರು ಇನ್ನೊಂದು ವಿಷಯ ನೋಡಬೇಕು. ನೀವು ಕೈಯಾರೆ ಹಾಕಿದ ವಿಳಾಸವನ್ನೇ ರೂಟರ್ ಬೇರೆ ಯಾವುದೋ ಫೋನ್‌ಗೆ ಕೊಟ್ಟಿರಬಹುದು. ಇಬ್ಬರಿಗೂ ಒಂದೇ ವಿಳಾಸ. ಆಗ ನೆಟ್ ಸ್ವಲ್ಪ ಹೊತ್ತು ಬರುತ್ತದೆ, ಸ್ವಲ್ಪ ಹೊತ್ತು ಹೋಗುತ್ತದೆ, ಆ ಫೋನ್ ಹೊರಗೆ ಹೋದಾಗ ಚೆನ್ನಾಗಿರುತ್ತದೆ. ಇದಕ್ಕೂ ಮದ್ದು ಅದೇ, ಆಟೋಮ್ಯಾಟಿಕ್.

‘ಕನೆಕ್ಟೆಡ್’ ಅಂತಲೂ ಬರದೇ ಇದ್ದರೆ ಕೆಳಗಿನಿಂದ ಶುರು ಮಾಡಿ. ಪೋರ್ಟ್ ಪಕ್ಕದ ದೀಪ ಉರಿಯುತ್ತಿದೆಯಾ? ‘ಐಪಿ ಲಿಂಕ್’ ಕೊಟ್ಟಾಗ ಕಾರ್ಡ್ ಎದುರು ‘ನೋ-ಕ್ಯಾರಿಯರ್’ ಇದ್ದರೆ ಆ ತುದಿಯಿಂದ ಸಿಗ್ನಲ್ಲೇ ಬರುತ್ತಿಲ್ಲ. ಸಾಫ್ಟ್‌ವೇರ್ ತಡಕಾಡುವುದು ಬಿಟ್ಟು ಕೇಬಲ್ ಬದಲಾಯಿಸಿ, ರೂಟರ್‌ನ ಬೇರೆ ಪೋರ್ಟ್‌ಗೆ ಹಾಕಿ. ‘ಲೋವರ್-ಅಪ್’ ಇದ್ದರೆ ತಂತಿ ಮಾತಾಡುತ್ತಿದೆ.

ತಂತಿ ಮಾತಾಡುತ್ತಿದ್ದರೂ ಅರೆಬರೆ ಮಾತಾಡಬಹುದು. ಕೇಬಲ್‌ನೊಳಗೆ ಎಂಟು ತಂತಿಗಳು, ಅಂದರೆ ನಾಲ್ಕು ಜೋಡಿ ಇರುತ್ತವೆ. 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು, 1, 2, 3 ಮತ್ತು 6ನೇ ಪಿನ್. 1000ಕ್ಕೆ ನಾಲ್ಕೂ ಜೋಡಿ ಬೇಕು. ಒಂದು ತಂತಿ ಒಳಗೆ ಮುರಿದಿದ್ದರೆ ಕೆಲವು ಕಾರ್ಡ್‌ಗಳು 100ಕ್ಕೆ ಇಳಿದು ಕೆಲಸ ನಡೆಸುತ್ತವೆ. ಕೆಲವು 1000ಕ್ಕೆ ಹಟ ಹಿಡಿದು ಲಿಂಕ್ ಏರಿಸಿ ಇಳಿಸಿ ಒದ್ದಾಡುತ್ತವೆ. ವಿಂಡೋಸ್‌ನಲ್ಲಿ ಓಡಿತು ಅಂದ ಮಾತ್ರಕ್ಕೆ ಕೇಬಲ್ ನಿರ್ದೋಷಿ ಅನ್ನಲು ಆಗದೇ ಇರುವುದು ಇದಕ್ಕೇ. ಅಲ್ಲಿನ ಡ್ರೈವರ್ 100ಕ್ಕೆ ಒಪ್ಪಿಕೊಂಡು ಸುಮ್ಮನಾಗಿರಬಹುದು. ‘ಸುಡೊ ಈಥ್‌ಟೂಲ್’ ಬರೆದು ಮುಂದೆ ಕಾರ್ಡ್ ಹೆಸರು ಕೊಡಿ. ‘ಸ್ಪೀಡ್’ ಎದುರು 1000 ಇರಬೇಕಾದ ಕಡೆ 100 ಇದ್ದರೆ ಕೇಬಲ್ ಮೇಲೆ ಅನುಮಾನ ಪಡಿ, ಅದರಲ್ಲೂ ತುದಿಯ ಕ್ಲಿಪ್ ಮುರಿದ ಕೇಬಲ್ ಮೇಲೆ. ರೂಟರ್‌ನ ಪೋರ್ಟೇ 100ರದ್ದಾಗಿದ್ದರೆ ಮಾತು ಬೇರೆ. ‘ಐಪಿ ಮೈನಸ್ ಎಸ್ ಲಿಂಕ್’ ಕೊಟ್ಟರೆ ‘ಎರರ್ಸ್’ ಅಂತ ಒಂದು ಕಾಲಂ ಬರುತ್ತದೆ. ದೊಡ್ಡ ಫೈಲ್ ಇಳಿಸುವಾಗ ಅದು ಏರುತ್ತಾ ಹೋದರೆ ಅಲ್ಲೂ ಕೇಬಲ್ಲೇ ಮೊದಲ ಅಪರಾಧಿ.

ಕಾರ್ಡೇ ಪಟ್ಟಿಯಲ್ಲಿ ಕಾಣದಿದ್ದರೆ ‘ಎಲ್‌ಎಸ್‌ಪಿಸಿಐ ಮೈನಸ್ ಎನ್‌ಎನ್‌ಕೆ’ ಕೊಟ್ಟು ‘ಈಥರ್ನೆಟ್ ಕಂಟ್ರೋಲರ್’ ಹುಡುಕಿ. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಇದ್ದರೆ ಡ್ರೈವರ್ ಇದೆ. ಆ ಸಾಲೇ ಇಲ್ಲದಿದ್ದರೆ ಡ್ರೈವರ್ ಕೂತಿಲ್ಲ. ತೀರಾ ಹೊಸ ಮದರ್‌ಬೋರ್ಡ್‌ಗೆ ಹಳೆಯ ಕರ್ನಲ್ (ಲಿನಕ್ಸ್‌ನ ತಿರುಳು) ಹಾಕಿದಾಗ ಹೀಗಾಗುತ್ತದೆ. ಇಂಟರ್ನೆಟ್‌ನಿಂದ ಡ್ರೈವರ್ ಹುಡುಕಿ ಹಾಕುವ ಬದಲು ಹೊಸ ಕರ್ನಲ್ ಹಾಕುವುದು ಮೇಲು. ಅಪ್‌ಡೇಟ್‌ಗೆ ನೆಟ್ ಬೇಕಲ್ಲ ಅಂದರೆ, ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ಸಾಮಾನ್ಯವಾಗಿ ಯಾವ ಡ್ರೈವರ್ರೂ ಕೇಳದೆ ಒಪ್ಪಿಕೊಳ್ಳುತ್ತದೆ.

ಎರಡು ಓಎಸ್ ಇಟ್ಟುಕೊಂಡವರಿಗೆ ಅಂತಲೇ ಒಂದು ವಿಚಿತ್ರ ಕಾಯಿಲೆ ಇದೆ, ಅದರಲ್ಲೂ ರಿಯಲ್‌ಟೆಕ್ ಕಾರ್ಡ್ ಇದ್ದವರಿಗೆ. ವಿಂಡೋಸ್ ಶಟ್‌ಡೌನ್ ಆಗುವಾಗ ಅದರ ಡ್ರೈವರ್ ಕಾರ್ಡನ್ನು ಮಲಗಿಸಿ ಹೋಗುತ್ತದೆ. ಲಿನಕ್ಸ್‌ಗೆ ಅದನ್ನು ಎಬ್ಬಿಸಲು ಆಗುವುದಿಲ್ಲ. ಡ್ರೈವರ್ ಇರುತ್ತದೆ, ಕಾರ್ಡ್ ಕಾಣುತ್ತದೆ, ದೀಪ ಮಾತ್ರ ಉರಿಯುವುದಿಲ್ಲ. ವಿಂಡೋಸ್ ಬಳಸಿ ಆಮೇಲೆ ಉಬುಂಟುವಿಗೆ ಬಂದಾಗಲೆಲ್ಲ ಹೀಗಾದರೆ ಇದೇ ಅಂತ ಲೆಕ್ಕ. ಪೂರ್ತಿ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಅರ್ಧ ನಿಮಿಷ ಬಿಟ್ಟು ಹಾಕಿ. ದೀಪ ಉರಿದರೆ ಕಾಯಿಲೆ ಗೊತ್ತಾಯಿತು. ಶಾಶ್ವತ ಪರಿಹಾರ ಇರುವುದು ವಿಂಡೋಸ್ ಕಡೆ. ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಕಾರ್ಡಿನ ‘ಶಟ್‌ಡೌನ್ ವೇಕ್-ಆನ್-ಲ್ಯಾನ್’ ಆನ್ ಮಾಡಿ.

ಅದೇ ರಿಯಲ್‌ಟೆಕ್ ವಿಷಯದಲ್ಲಿ ಇನ್ನೊಂದು ಮಾತು. ಕರ್ನಲ್ ಜೊತೆಗೇ ಬರುವ ಡ್ರೈವರ್ ಹೆಸರು ‘ಆರ್8169’. ಹೊರಗಿನಿಂದ ಹಾಕಿಕೊಳ್ಳುವ ಇನ್ನೊಂದು ಇದೆ, ‘ಆರ್8168’. ಮೊದಲನೆಯದರಲ್ಲಿ ತೊಂದರೆ ಬಂದರೆ ಎರಡನೆಯದು ಹಾಕು ಅನ್ನುವುದು ಹಳೆಯ ಸಲಹೆ. ಈಗಿನ ಕರ್ನಲ್‌ಗಳಲ್ಲಿ ಮೊದಲನೆಯದೇ ಸಾಕು. ಎರಡನೆಯದು ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಮತ್ತೆ ಕಟ್ಟಿಕೊಳ್ಳಬೇಕು. ಒಮ್ಮೆ ಅದು ಎಡವಿದರೆ ಬೆಳಗ್ಗೆ ಎದ್ದು ನೋಡಿದಾಗ ನೆಟ್ ಇರುವುದಿಲ್ಲ.

ಹೊಸ ಗ್ರಾಫಿಕ್ಸ್ ಕಾರ್ಡೋ ಎಸ್‌ಎಸ್‌ಡಿಯೋ ಹಾಕಿದ ಮೇಲೆ ನೆಟ್ ಹೋಯಿತು ಅನ್ನುವವರು ಕಾರ್ಡಿನ ಹೆಸರು ನೋಡಿ. ‘ಇಎನ್‌ಪಿ3ಎಸ್0’ ಇದ್ದದ್ದು ‘ಇಎನ್‌ಪಿ4ಎಸ್0’ ಆಗಿರುತ್ತದೆ. ಹೆಸರಿನಲ್ಲಿರುವ ಅಂಕಿ ಬೋರ್ಡ್ ಮೇಲಿನ ಸ್ಥಾನವನ್ನು ಹೇಳುತ್ತದೆ, ಹೊಸ ಸಾಧನ ಬಂದಾಗ ಆ ಎಣಿಕೆ ಸರಿಯಬಹುದು. ಹಳೆ ಹೆಸರಿಗೆ ಬರೆದಿಟ್ಟ ಸೆಟ್ಟಿಂಗ್ ಹೊಸ ಹೆಸರಿಗೆ ಅನ್ವಯಿಸುವುದಿಲ್ಲ. ಡೆಸ್ಕ್‌ಟಾಪ್‌ಗಿಂತ ಸರ್ವರ್‌ಗಳಲ್ಲಿ ಇದು ಜಾಸ್ತಿ ಕಾಡುತ್ತದೆ, ಅಲ್ಲಿ ಹೆಸರನ್ನು ಫೈಲ್‌ನಲ್ಲಿ ಕೈಯಾರೆ ಬರೆದಿರುತ್ತಾರಲ್ಲ.

‘ಎನ್‌ಎಂಸಿಎಲ್‌ಐ ಡಿವೈಸ್’ ಕೊಟ್ಟಾಗ ಕಾರ್ಡ್ ಎದುರು ‘ಅನ್‌ಮ್ಯಾನೇಜ್ಡ್’ ಇದ್ದರೆ ನೆಟ್‌ವರ್ಕ್ ಮ್ಯಾನೇಜರ್ ಆ ಕಾರ್ಡನ್ನು ತನ್ನದಲ್ಲ ಅಂತ ಬಿಟ್ಟಿದೆ. ಡೆಬಿಯನ್ ಅನ್ನುವ ಲಿನಕ್ಸ್‌ನಲ್ಲಿ ‘ಇಟಿಸಿ’ ಒಳಗಿನ ‘ನೆಟ್‌ವರ್ಕ್’ ಫೋಲ್ಡರ್‌ನಲ್ಲಿ ‘ಇಂಟರ್‌ಫೇಸಸ್’ ಅನ್ನುವ ಫೈಲ್ ಇದೆ. ಅದರಲ್ಲಿ ಆ ಕಾರ್ಡಿನ ಹೆಸರು ಇದ್ದರೆ ಹೀಗಾಗುತ್ತದೆ. ಆ ಸಾಲುಗಳ ಮುಂದೆ ಹ್ಯಾಶ್ ಹಾಕಿ ರೀಸ್ಟಾರ್ಟ್ ಮಾಡಿ.

ಕಾರ್ಡ್, ಕೇಬಲ್ ಸರಿ, ಆದರೆ ವಿಳಾಸವೇ ಬರುತ್ತಿಲ್ಲ ಅಂದರೆ ಗುರುತು ಹೀಗೆ. ಐಕಾನ್ ಸುಮಾರು 45 ಸೆಕೆಂಡ್ ತಿರುಗುತ್ತದೆ, ಆಮೇಲೆ ಕೈಚೆಲ್ಲುತ್ತದೆ. ಕಂಪ್ಯೂಟರ್ ‘ಯಾರಾದರೂ ವಿಳಾಸ ಕೊಡಿ’ ಅಂತ ಕೇಳಿ ಕಾದು ಕೂತ ಸಮಯ ಅದು. ರೂಟರ್ ಆಫ್ ಮಾಡಿ ಆನ್ ಮಾಡಿ. ರೂಟರ್ ಇಲ್ಲದೆ ಇಂಟರ್ನೆಟ್ ಕಂಪನಿಯ ಕೇಬಲನ್ನೇ ನೇರ ಕಂಪ್ಯೂಟರ್‌ಗೆ ಹಾಕಿದ್ದರೆ ಇನ್ನೊಂದು ಸಾಧ್ಯತೆ ಇದೆ. ಕೆಲವು ಕಂಪನಿಗಳು ಮೊದಲು ಜೋಡಿಸಿದ ಸಾಧನದ ಮ್ಯಾಕ್ ವಿಳಾಸವನ್ನು ನೆನಪಿಟ್ಟುಕೊಂಡು ಬೇರೆ ಸಾಧನಕ್ಕೆ ಉತ್ತರವೇ ಕೊಡುವುದಿಲ್ಲ. ಅವರಿಗೆ ಫೋನ್ ಮಾಡಿ ಬಿಡಿಸಬೇಕು. ಇನ್ನೂ ಒಂದು ಗೊಂದಲ ಇದೆ. ಐಪಿವಿ4 (ಇಲ್ಲಿವರೆಗೆ ನೋಡಿದ ಬಗೆಯ) ವಿಳಾಸ ಬರದಿದ್ದರೂ ಐಪಿವಿ6 ಅನ್ನುವ ಹೊಸ ಬಗೆಯದು ಬಂದುಬಿಟ್ಟರೆ ನೆಟ್‌ವರ್ಕ್ ಮ್ಯಾನೇಜರ್ ಅಷ್ಟಕ್ಕೇ ‘ಕನೆಕ್ಟೆಡ್’ ಅನ್ನುತ್ತದೆ. ಆಗ ಕೆಲವೇ ಸೈಟ್‌ಗಳು ತೆರೆಯಬಹುದು, ಒಂದೂ ತೆರೆಯದೇ ಇರಬಹುದು. ‘ಐಪಿ ಎ’ಯಲ್ಲಿ ‘ಐನೆಟ್6’ ಮಾತ್ರ ಇದ್ದು ಬರೀ ‘ಐನೆಟ್’ ಇಲ್ಲದಿದ್ದರೆ ಇದೇ.

ಡಿಎನ್‌ಎಸ್ಸೇ ತಪ್ಪು ಅಂತ ಪಿಂಗ್‌ನಿಂದ ಗೊತ್ತಾದವರು ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ನೋಡಿ. ಕೇಬಲ್ ಕಾರ್ಡಿನ ಕೆಳಗೆ ‘ಡಿಎನ್‌ಎಸ್ ಸರ್ವರ್ಸ್’ ಯಾವುದಿದೆ ಅಂತ ಅಲ್ಲಿ ಕಾಣುತ್ತದೆ. ‘ರಿಸಾಲ್ವ್ ಡಾಟ್ ಕಾನ್ಫ್’ ಫೈಲ್ ತೆರೆದು 127.0.0.53 ಕಂಡು ಗಾಬರಿಯಾಗಬೇಡಿ, ಉಬುಂಟುವಿನಲ್ಲಿ ಅದು ಹಾಗೇ ಇರಬೇಕು. ಆ ಫೈಲನ್ನು ಕೈಯಾರೆ ತಿದ್ದಲೂ ಬೇಡಿ. ವಿಪಿಎನ್ ಹಾಕಿ ತೆಗೆದವರಲ್ಲಿ ಈ ತೊಂದರೆ ಜಾಸ್ತಿ. ವಿಪಿಎನ್ ಹೋಗಿರುತ್ತದೆ, ಅದು ಬರೆದ ಡಿಎನ್‌ಎಸ್ಸೋ ‘ಕಿಲ್ ಸ್ವಿಚ್’ (ವಿಪಿಎನ್ ಇಲ್ಲದಾಗ ನೆಟ್ ತಡೆಯುವ) ನಿಯಮವೋ ಉಳಿದಿರುತ್ತದೆ. ಆ ವಿಪಿಎನ್ ಮತ್ತೆ ತೆರೆದು, ಅದರೊಳಗಿಂದಲೇ ಕಿಲ್ ಸ್ವಿಚ್ ಆಫ್ ಮಾಡಿ ಹೊರಬರುವುದು ಸುಲಭದ ದಾರಿ.

ಕೊನೆಯದು ಅಪರೂಪದ್ದು, ಆದರೆ ತಲೆ ಕೆಡಿಸುವಂಥದ್ದು. ಪಿಂಗ್ ಎಲ್ಲ ಕಡೆ ಹೋಗುತ್ತದೆ, ಕೆಲವು ಸೈಟ್ ತೆರೆಯುತ್ತವೆ, ಕೆಲವು ಅರ್ಧಕ್ಕೆ ನಿಂತು ತಿರುಗುತ್ತಲೇ ಇರುತ್ತವೆ. ಇದು ಪ್ಯಾಕೆಟ್ ಗಾತ್ರದ ವಿಷಯ. ಈಥರ್ನೆಟ್‌ನಲ್ಲಿ ಸಾಮಾನ್ಯ ಮಿತಿ 1500 ಬೈಟ್. ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಜೋಡಿಸುವ ಪಿಪಿಪಿಒಇ ಕನೆಕ್ಷನ್‌ನಲ್ಲಿ 8 ಬೈಟ್ ಅದಕ್ಕೇ ಹೋಗಿ 1492 ಉಳಿಯುತ್ತದೆ. ದೊಡ್ಡ ಪ್ಯಾಕೆಟ್ ಹಾದು ಹೋಗುವುದಿಲ್ಲ, ಆ ಸುದ್ದಿಯೂ ನಿಮಗೆ ತಲುಪುವುದಿಲ್ಲ. ‘ಪಿಂಗ್ ಮೈನಸ್ ಎಂ (ದೊಡ್ಡ ಅಕ್ಷರ) ಡು ಮೈನಸ್ ಎಸ್ (ಸಣ್ಣ ಅಕ್ಷರ) 1472’ ಬರೆದು 1.1.1.1 ಕೊಡಿ. ಹೆಡರ್‌ನ 28 ಸೇರಿ ಸರಿಯಾಗಿ 1500 ಆಗುತ್ತದೆ. ಅದು ಹೋಗದೆ 1464 ಹೋದರೆ, ವೈರ್ಡ್ ಸೆಟ್ಟಿಂಗ್‌ನ ಐಡೆಂಟಿಟಿ ಟ್ಯಾಬ್‌ನಲ್ಲಿ ಎಂಟಿಯು (ಪ್ಯಾಕೆಟ್ ಗಾತ್ರದ ಮಿತಿ) 1492 ಹಾಕಿ.

ಇಷ್ಟೆಲ್ಲ ನೋಡಿಯೂ ಬಗೆಹರಿಯದಿದ್ದರೆ ಮತ್ತೆ ಬರೆಯಿರಿ. ಆಗ ‘ನೆಟ್ ಬರ್ತಿಲ್ಲ’ ಅಂತ ಬರೆಯುವ ಬದಲು ವೈಫೈ ಆಫ್ ಮಾಡಿ ‘ಐಪಿ ಎ’, ‘ಐಪಿ ರೂಟ್’, ‘ಐಪಿ ನೇಬರ್’, ‘ಎನ್‌ಎಂಸಿಎಲ್‌ಐ ಡಿವೈಸ್’ ನಾಲ್ಕನ್ನೂ ಕೊಟ್ಟು ಬಂದದ್ದನ್ನು ಹಾಗೇ ಕಳಿಸಿ. ಮ್ಯಾಕ್ ವಿಳಾಸದ ಕೊನೆಯ ಅರ್ಧ ಅಳಿಸಿ ಕಳಿಸಿದರೂ ನಡೆಯುತ್ತದೆ. ‘ಜರ್ನಲ್‌ಸಿಟಿಎಲ್ ಮೈನಸ್ ಬಿ ಮೈನಸ್ ಯು ನೆಟ್‌ವರ್ಕ್‌ಮ್ಯಾನೇಜರ್’ ಕೊಟ್ಟಾಗ ಬರುವ ಕೊನೆಯ ಐವತ್ತು ಸಾಲೂ ಇರಲಿ, ಕೇಬಲ್ ಕಿತ್ತು ಹಾಕಿದ ಕೂಡಲೇ ತೆಗೆದದ್ದಾದರೆ ಇನ್ನೂ ಒಳ್ಳೆಯದು.